ಲವ್ ಬರ್ಡ್ಸ್ ಎಂದು ಬರೆದ ತಪ್ಪಿಗೆ

ಪಂಜರ ಪಕ್ಷಿ ಪ್ರದರ್ಶನಕ್ಕೆ ಮುಖ್ಯ ತೀರ್ಪುಗಾರರಾಗಿ ಬಂದು, ಒಂದೇ ಮಧ್ಯಾಹ್ನದಲ್ಲಿ ಹಕ್ಕಿಗಳದೊಂದು ಸಂಸಾರವನ್ನೂ ಮನುಷ್ಯರದೊಂದು ಸಂಸಾರವನ್ನೂ ಕೆಡಿಸಿ ಹೋದ ಪಶುವೈದ್ಯಾಧಿಕಾರಿಗಳಿಗೆ

ಮಾನ್ಯರೇ,

ಕಳೆದ ಜನವರಿಯ ಕೊನೆಯ ಭಾನುವಾರ ಇಂದಿರಾನಗರದ ಶಾಲಾ ಮೈದಾನದಲ್ಲಿ ತಾವು ಮೂರು ಕೆಲಸ ಮಾಡಿದಿರಿ. ಫಾರಂನಲ್ಲಿ ಹೆಸರು ತಪ್ಪಾಗಿ ಬರೆದಿದ್ದೇನೆಂದು ನನ್ನ ಹಕ್ಕಿ ಜೋಡಿಯನ್ನು ಸ್ಪರ್ಧೆಯಿಂದಲೇ ತೆಗೆದುಹಾಕಿದಿರಿ. ಅದೇ ಜೋಡಿಗೆ ಹುಟ್ಟಿದ ಮರಿ ನಮ್ಮ ಹಕ್ಕಿ ಸಾಕುವವರ ಸಂಘದ ಶ್ರೀನಾಥ್ ಅವರ ಪಂಜರದಲ್ಲಿ ಕೂತಿದ್ದಕ್ಕೆ ಅದಕ್ಕೆ ಮೊದಲ ಬಹುಮಾನದ ಕಪ್ ಕೊಟ್ಟಿರಿ. ಅಪ್ಪ ಅಮ್ಮ ಅನರ್ಹರು, ಮಗ ಚಾಂಪಿಯನ್. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಹೋಗುವ ಮುಂಚೆ, ಗೆದ್ದ ಹಕ್ಕಿಯನ್ನು ಮುಂದಿನ ವರ್ಷದ ಪ್ರದರ್ಶನದವರೆಗೆ ತಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಯಾರಿಗೂ ಪರಭಾರೆ ಮಾಡತಕ್ಕದ್ದಲ್ಲ ಎಂಬ ಕಾಗದಕ್ಕೂ ಸಹಿ ಹಾಕಿದಿರಿ. ಆ ಸಹಿಯ ದೆಸೆಯಿಂದ ಎಪ್ಪತ್ತನಾಲ್ಕು ವರ್ಷದ ನನ್ನ ತಾಯಿ ದೊಡ್ಡಮುನಿಯಮ್ಮ ದಿನಾ ಬೆಳಗ್ಗೆ ಬೈಯಪ್ಪನಹಳ್ಳಿಯ ಮನೆಯಿಂದ ಹೊರಟು, ಲಾರಿಗಳ ಮಧ್ಯೆ ಹಳೇ ಮದ್ರಾಸ್ ರಸ್ತೆ ದಾಟಿ, ಶ್ರೀನಾಥ್ ಮನೆಗೆ ಆ ಹಕ್ಕಿಯನ್ನು ನೋಡಲು ನಡೆದುಕೊಂಡು ಹೋಗುತ್ತಿದ್ದಾಳೆ. ಹಕ್ಕಿ ನಮ್ಮ ಮನೆಗೆ ವಾಪಸು ಬರಬೇಕು. ಅದಕ್ಕಾಗಿ ಈ ಪತ್ರ.

ಮುನಿಆಂಜನಪ್ಪ ಹೊಟ್ಟೆಕಿಚ್ಚಿಗೆ ಬರೆಯುತ್ತಿದ್ದಾನೆ ಎಂದು ನಮ್ಮ ಸಂಘದಲ್ಲಿ ಈಗಾಗಲೇ ಮಾತಾಗಿದೆ. ಹೌದು ಸ್ವಾಮಿ, ಹೊಟ್ಟೆಕಿಚ್ಚಿಗೇ ಬರೆಯುತ್ತಿದ್ದೇನೆ. ಶ್ರೀನಾಥ್ ಮನೆಯ ಷೋಕೇಸಿನಲ್ಲಿ ಆ ಕಪ್ ನೋಡಿದ ದಿನ ನನಗೆ ಅನ್ನ ಸೇರಲಿಲ್ಲ. ಅದನ್ನು 'ಸಾರ್ವಜನಿಕ ಹಿತಾಸಕ್ತಿ' ಎಂದು ಕರೆದು ಮರ್ಯಾದೆ ಉಳಿಸಿಕೊಳ್ಳುವ ಕಲೆ ನನಗೆ ಬರುವುದಿಲ್ಲ. ನಾನು ವಿಮಾನ ಕಾರ್ಖಾನೆಯಲ್ಲಿ ತಗಡು ಬಗ್ಗಿಸುವವನು. ಆದರೆ ಹೊಟ್ಟೆಕಿಚ್ಚಿನವನು ಹೇಳಿದ ಮಾತ್ರಕ್ಕೆ ಸತ್ಯ ಸುಳ್ಳಾಗುತ್ತದೆಯೇ? ದಯವಿಟ್ಟು ಪೂರ್ತಿ ಓದಿ.

ಮೊದಲು ಹೆಸರಿನ ವಿಚಾರ. ತಾವು ನನ್ನ ಪಂಜರದ ಮುಂದೆ ಬಂದು ಕನ್ನಡಕ ಸರಿಮಾಡಿಕೊಂಡಿರಿ. "ಏನ್ರೀ ಇದು, ಲವ್ ಬರ್ಡ್ಸ್ ಅಂತ ಬರ್ದಿದ್ದೀರಿ?"

"ಲವ್ ಬರ್ಡ್ಸೇ ಸಾರ್."

"ಅಲ್ಲ ಕಣ್ರೀ. ಲವ್ ಬರ್ಡ್ ಆಫ್ರಿಕಾದ್ದು. ಇದು ಬಜರಿಗರ್, ಆಸ್ಟ್ರೇಲಿಯಾದ್ದು. ವಿಭಾಗಾನೇ ತಪ್ಪು." ಕೆಂಪು ಪೆನ್ನಿನಲ್ಲಿ ಒಂದು ಗೀಟು. ಹದಿನಾಲ್ಕು ವರ್ಷ ಹಕ್ಕಿ ಸಾಕಿದ್ದಕ್ಕೆ ನನಗೆ ಸಿಕ್ಕ ಪ್ರಶಸ್ತಿ ಅದು.

ಆಫ್ರಿಕಾ, ಆಸ್ಟ್ರೇಲಿಯಾ ಎಲ್ಲಿವೆಯೋ, ನನ್ನ ಹಕ್ಕಿ ಬೈಯಪ್ಪನಹಳ್ಳಿಯಲ್ಲಿ, ನಾನು ಗೂಡಿಗೆಂದು ಕಟ್ಟಿದ ಮಡಿಕೆಯಲ್ಲಿ ಹುಟ್ಟಿದ್ದು. ಆಯಿತು, ಶಾಸ್ತ್ರದಲ್ಲಿ ಅದು ಬಜರಿಗರ್ ಎಂದೇ ಇರಲಿ. ತಾವೊಮ್ಮೆ ಶಿವಾಜಿನಗರದ ಮಾರ್ಕೆಟ್ಟಿನ ಹಕ್ಕಿ ಅಂಗಡಿಗೆ ಹೋಗಿ "ಬಜರಿಗರ್ ಕೊಡಿ" ಎಂದು ಕೇಳಿ ನೋಡಿ. ಮೆಡಿಕಲ್ ಸ್ಟೋರ್ ಆ ಕಡೆ ಇದೆ ಎಂದು ಕೈ ತೋರಿಸುತ್ತಾರೆ. ಕೆ.ಆರ್. ಪುರದಿಂದ ಹಲಸೂರಿನವರೆಗೆ ಮಾರುವವರು, ಕೊಳ್ಳುವವರು, ಕದಿಯುವವರು, ಎಲ್ಲರ ಬಾಯಲ್ಲೂ ಅದು ಲವ್ ಬರ್ಡ್ಸ್. ಒಂದೇ ಒಂದು ಹಕ್ಕಿ ಇದ್ದರೂ 'ಒಂದು ಲವ್ ಬರ್ಡ್ಸ್' ಎನ್ನುತ್ತೇವೆ. ನಮ್ಮ ಸಂಘದಲ್ಲಿ ಫಿಂಚ್ ಹಕ್ಕಿ ಸಾಕುವ ಶಮೀಮ್ ಭಾಯ್ ಅಂದು ನನ್ನ ಹೆಗಲ ಮೇಲೆ ಕೈಹಾಕಿ ಹೇಳಿದರು: "ಅರೇ ಆಂಜನಪ್ಪ, ನಾವೂ ಲವ್ ಬರ್ಡ್ಸ್ ಅಂತಾನೇ ಅನ್ನೋದು. ಬಾಯಿ ಬೇರೆ, ಫಾರಂ ಬೇರೆ ಭಾಯ್." ಇಡೀ ಊರು ಮಾಡುವ ತಪ್ಪಿಗೆ ಒಬ್ಬನಿಗೆ ಶಿಕ್ಷೆ ಕೊಡುವುದು ಯಾವ ನ್ಯಾಯ?

ಆ ಫಾರಂ ನಾನು ಕೊಟ್ಟದ್ದು ಶ್ರೀನಾಥ್ ಅವರ ಕೈಗೇ. ಅವರು ನಮ್ಮ ಸಂಘದ ಕಾರ್ಯದರ್ಶಿ. ಬ್ಯಾಂಕಿನಲ್ಲಿ ವಿಆರ್‌ಎಸ್ ತೆಗೆದುಕೊಂಡ ಮೇಲೆ ಹಕ್ಕಿ ಸಾಕಲು ಶುರುಮಾಡಿ ಇನ್ನೂ ಎರಡು ವರ್ಷವಾಗಿಲ್ಲ, ಆಗಲೇ ಅವರ ಪಂಜರಕ್ಕೆ ಪರದೆ, ಪರದೆಗೆ ಗೊಂಡೆ. ತಿಂಗಳ ಮೊದಲ ಭಾನುವಾರ ಹಲಸೂರಿನ ಬೇಕರಿಯೊಂದರ ಮಹಡಿಯಲ್ಲಿ ನಾವು ಇಪ್ಪತ್ತು ಮಂದಿ ಸೇರುತ್ತೇವೆ. ದೀಪಾವಳಿ ಪಟಾಕಿಗೆ ಹೆದರಿ ಹೆಣ್ಣು ಮೊಟ್ಟೆ ಬಿಟ್ಟೆದ್ದರೆ ಏನು ಮಾಡಬೇಕು, ಬೆಕ್ಕು ಕೈಹಾಕದಂಥ ಜಾಲರಿ ಎಲ್ಲಿ ಸಿಗುತ್ತದೆ, ನಮ್ಮ ಕಾಡಿನ ಗಿಣಿ ಸಾಕಿದರೆ ಕಾನೂನು ಬಿಡುವುದಿಲ್ಲ ಎಂದು ಹೊಸಬರಿಗೆ ಹೇಗೆ ತಿಳಿಹೇಳಬೇಕು, ಇಂಥವು ನಮ್ಮ ಮಾತು. ಅಲ್ಲಿ ಮೊದಲೆಲ್ಲ ಜನ ನನ್ನ ಸುತ್ತ ಕೂರುತ್ತಿದ್ದರು. ಶ್ರೀನಾಥ್ ಇಂಗ್ಲಿಷ್ ಪುಸ್ತಕ ಹಿಡಿದು ಬಂದ ಮೇಲೆ ಕುರ್ಚಿಗಳೆಲ್ಲ ಆ ಕಡೆ ತಿರುಗಿದವು. ಅಂಥವರು ನನ್ನ ಫಾರಂ ತೆಗೆದುಕೊಂಡರು, ಓದಿದರು, ನಕ್ಕರು, ಸೀಲು ಹೊಡೆದರು. 'ಲವ್ ಬರ್ಡ್ಸ್' ಎಂಬಲ್ಲಿ ಬೆರಳಿಟ್ಟು ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಆಮೇಲೆ ಕೇಳಿದರೆ, "ಅಯ್ಯೋ, ನಾನು ಗಮನಿಸ್ಲಿಲ್ಲ ರೀ. ನಂಗೂ ಅದೇ ಬಾಯಿಗೆ ಬರೋದು" ಎಂದರು. ಅದು ನಿಜವೂ ಇರಬಹುದು. ನನಗೆ ನಂಬಲು ಇಷ್ಟವಿಲ್ಲ.

ಇನ್ನು ಗೆದ್ದ ಹಕ್ಕಿಯ ವಿಚಾರ. ಹೋದ ವರ್ಷ ಶ್ರಾವಣದಲ್ಲಿ ನನ್ನ ಜೋಡಿ ಐದು ಮೊಟ್ಟೆ ಇಟ್ಟು ಒಂದೇ ಮರಿ ಮಾಡಿತು. ಒಂಬತ್ತನೇ ದಿನಕ್ಕೆ ತಾಯಿಹಕ್ಕಿ ಮರಿಯನ್ನು ಮಡಿಕೆಯಿಂದ ಆಚೆಗೆ ತಳ್ಳಿತು. ಮೈಮೇಲೆ ತುಪ್ಪಳವಿಲ್ಲ, ಕಣ್ಣು ಈಗಷ್ಟೇ ಬಿಟ್ಟಿದೆ, ಹಸಿ ಶುಂಠಿಯ ತುಂಡಿನ ಹಾಗೆ ಬಿದ್ದಿತ್ತು. "ಉಳಿಯಲ್ಲ ಬಿಡಮ್ಮ" ಎಂದು ಹೇಳಿ ನಾನು ಶಿಫ್ಟಿಗೆ ಹೊರಟೆ. ಸಂಜೆ ಬಂದು ನೋಡಿದರೆ ಅದು ಅಮ್ಮನ ಹಳೇ ಸೀರೆಯ ಸುತ್ತಿನಲ್ಲಿ ಮಲಗಿತ್ತು. ರಾಗಿ ಗಂಜಿ ಸೋಸಿ, ಬೆಚ್ಚಗೆ ಮಾಡಿ, ಗಂಟೆಗೊಂದು ಸಲ ಹನಿ ಹನಿಯಾಗಿ ಕೊಕ್ಕಿಗೆ ಬಿಟ್ಟಿದ್ದಳು. ಚಮಚ ಅಗಲವಾಯಿತು ಎಂದಳು. ಮರುದಿನ ನಾನು ಒಂದು ಟೀ ಚಮಚದ ಎರಡು ಅಂಚನ್ನೂ ಕೊಕ್ಕಿಗೆ ಸರಿಹೋಗುವಂತೆ ಬಗ್ಗಿಸಿ ಕೊಟ್ಟೆ. ಆ ಚಾಂಪಿಯನ್ ಹಕ್ಕಿಗೆ ನನ್ನ ಕೊಡುಗೆ ಆ ಚಮಚ. ಅದನ್ನೂ ತಾವು ದಾಖಲಿಸಬೇಕು.

ಅಮ್ಮನಿಗೂ ಹಕ್ಕಿಗಳಿಗೂ ಹಳೇ ವೈರ. ಇಂದಿರಾನಗರ ಬಡಾವಣೆಯಾಗುವ ಮುಂಚೆ, ತಾವು ಕಪ್ ಹಂಚಿದ ಆ ಮೈದಾನದ ಆಸುಪಾಸಿನಲ್ಲಿ ನಮ್ಮ ನವಣೆ ಹೊಲವಿತ್ತು. ತೆನೆ ಹಾಲುಗಟ್ಟಿದ ಕಾಲಕ್ಕೆ ಅಮ್ಮ ಅಟ್ಟಣೆಯ ಮೇಲೆ ನಿಂತು, ಕವಣೆಯಲ್ಲಿ ಕಲ್ಲಿಟ್ಟು ಬೀಸುತ್ತ, "ಹೋ... ಹೋಹೋಯ್ ಕಳ್ಳಾ" ಎಂದು ಕೂಗಿ ಹಕ್ಕಿ ಓಡಿಸುತ್ತಿದ್ದಳಂತೆ. ಬೇರೆ ಯಾವ ಹಕ್ಕಿಮಾತೂ ಅವಳಿಗೆ ಬಾರದು. ಹಾಗಾಗಿ ಮರಿಗೆ ಗಂಜಿ ಕುಡಿಸುವಾಗಲೂ ಅದೇ ಕೂಗು, ಪಿಸುದನಿಯಲ್ಲಿ. ಓಡಿಸುವ ಕೂಗಿಗೆ ಆ ಮರಿ ಬಾಯಿ ತೆರೆದುಕೊಂಡು ಹತ್ತಿರ ಬರುವುದನ್ನು ಕಲಿಯಿತು. ಅದರ ಹೆಸರೂ ಕಳ್ಳ ಎಂದೇ ಆಯಿತು. "ಆವಾಗ ನವಣೆ ತಿಂತವೆ ಅಂತ ಕಲ್ಲು ಹೊಡೀತಿದ್ದೆ, ಈಗ ನವಣೇನ ಅಂಗ್ಡೀಲಿ ತಂದು ತಿನ್ನುಸ್ತಾ ಇವ್ನಿ, ನೋಡ್ಲಾ ನನ್ನ ಹಣೇಬರ" ಎಂದು ನಗುತ್ತಿದ್ದಳು. ಆಕಾಶನೀಲಿ ಮೈ, ಬಿಳಿ ಮುಖ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಇದು ಯಾರು ನೋಡಿದರೂ ಮುದ್ದು.

ದಸರಾ ಕಳೆದ ಮೇಲೆ ಆ ಹಕ್ಕಿಯನ್ನು ನಾನು ಶ್ರೀನಾಥ್‌ಗೆ ಕೊಟ್ಟೆ. ಏಕೆ ಕೊಟ್ಟೆ ಎಂಬುದನ್ನು ಆಮೇಲೆ ಹೇಳುತ್ತೇನೆ, ಅದು ಅಷ್ಟು ಸುಲಭವಾಗಿ ಬರೆಯುವಂಥದ್ದಲ್ಲ. ಅವರು ಕಳ್ಳನಿಗೆ ಪ್ರಿನ್ಸ್ ಎಂದು ಹೆಸರಿಟ್ಟು, ಕಾಲಿಗೊಂದು ಅಲ್ಯೂಮಿನಿಯಂ ಉಂಗುರ ತೊಡಿಸಿ, 'ಬಜರಿಗರ್' ವಿಭಾಗದಲ್ಲಿ ನಿಲ್ಲಿಸಿದರು. ನಮ್ಮಲ್ಲಿ ಕಾಲುಂಗುರ ಹಾಕಿಸಿಕೊಂಡವರಿಗೆ ತವರಾದರೂ ಉಳಿಯುತ್ತದೆ.

ಪ್ರದರ್ಶನದ ದಿನ ಆ ಹಕ್ಕಿ ಬೆಳಗ್ಗೆಯಿಂದ ಗರಿ ಉಬ್ಬಿಸಿಕೊಂಡು ಮೂಲೆ ಹಿಡಿದಿತ್ತು. ಅದು ತಮಗೆ ಗೊತ್ತಿಲ್ಲ, ತಾವು ಬಂದದ್ದು ಹನ್ನೆರಡಕ್ಕೆ. ಹಳೇ ಹೊಲ ನೋಡುತ್ತೇನೆಂದು ಅಮ್ಮ ನನ್ನ ಜೊತೆ ಬಂದಿದ್ದಳು. ಮೈದಾನದ ಹುಣಸೆಮರದ ಗುರುತು ಹಿಡಿದು, ಅಟ್ಟಣೆ ಇಲ್ಲೇ ಇತ್ತು ಎಂದು ನಾಲ್ಕು ಜನಕ್ಕೆ ತೋರಿಸಿ, ಹಾಗೇ ಪಂಜರಗಳ ಸಾಲಿಗೆ ಬಂದಳು. ಕಳ್ಳನನ್ನು ಕಂಡಳು. ಬಗ್ಗಿ, ಮೆಲ್ಲಗೆ, "ಹೋ... ಹೋಹೋಯ್ ಕಳ್ಳಾ" ಎಂದಳು. ಅಷ್ಟೇ. ಹಕ್ಕಿ ಮೈ ಕೊಡವಿಕೊಂಡು ಎದ್ದಿತು, ಕಂಬಿಯುದ್ದಕ್ಕೂ ಓಡಿತು, ತಲೆ ಕುಣಿಸಿತು, ಚಿಲಿಪಿಲಿ ಎಂದು ಊರಿನ ಸುದ್ದಿಯನ್ನೆಲ್ಲ ಹೇಳಿತು. ಆಗ ತಾವು ಬಂದಿರಿ. "ಅಜ್ಜಿ, ಸ್ವಲ್ಪ ಪಕ್ಕಕ್ಕೆ ಬನ್ನಿ, ಹಕ್ಕಿ ನೋಡ್ಬೇಕು" ಎಂದಿರಿ. ಅಂಕಪಟ್ಟಿಯಲ್ಲಿ 'ಲವಲವಿಕೆ' ಎಂಬಲ್ಲಿ ಹತ್ತಕ್ಕೆ ಹತ್ತು ಬರೆದಿರಿ. ಎರಡನೇ ಸ್ಥಾನದ ಹಕ್ಕಿಗೂ ಇದಕ್ಕೂ ಇದ್ದ ಅಂತರ ಎರಡೇ ಅಂಕ. ಆ ಲವಲವಿಕೆ ಯಾರದು ಎಂದು ತಾವು ಒಂದು ಕ್ಷಣ ಯೋಚಿಸಿದಿರಾ? ಅವಳನ್ನೇ ಅಲ್ಲವೇ ತಾವು ಪಕ್ಕಕ್ಕೆ ಸರಿಸಿದ್ದು? ಕಪ್ ಕೊಡುವಾಗ ಶ್ರೀನಾಥ್ ಹಲ್ಲುಕಿರಿದು ಫೋಟೋಗೆ ನಿಂತರು. ಅಮ್ಮ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಳು. ನಾನು ಹೊಡೆಯಲಿಲ್ಲ.

ಮರುದಿನದಿಂದ ಅಮ್ಮನ ನಡಿಗೆ ಶುರುವಾಯಿತು. ಸೆರಗಿನಲ್ಲಿ ಒಂದು ಹಿಡಿ ನವಣೆ ಕಟ್ಟಿಕೊಂಡು ಹೋಗುತ್ತಾಳೆ, ಶ್ರೀನಾಥ್ ಗೇಟಿನಲ್ಲಿ ನಿಂತು ಕೂಗುತ್ತಾಳೆ, ಬಾಲ್ಕನಿಯಿಂದ ಹಕ್ಕಿ ಓಗೊಡುತ್ತದೆ. ಬಸ್ಸಿನಲ್ಲಿ ಹೋಗು ಎಂದರೆ ಎರಡು ಸ್ಟಾಪಿಗೆ ಬಸ್ಸೇ ಎನ್ನುತ್ತಾಳೆ. ಶ್ರೀನಾಥ್ ಬಯ್ದು ಕಳಿಸಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆ ಮಹಾನುಭಾವರು ಒಳಗೆ ಕರೆದು, ಕುರ್ಚಿ ಹಾಕಿ, ಕಾಫಿ ಕೊಡುತ್ತಾರೆ! "ಸೀನಾಥಪ್ಪನ ಮನೇಲಿ ಹಾಲು ಗಟ್ಟಿ ಕಣ್ಲಾ" ಎಂದು ಮನೆಗೆ ಬಂದು ನನ್ನ ಮುಂದೆ ಹೇಳುತ್ತಾಳೆ. ಉರಿಯೋ ಬೆಂಕಿಗೆ ತುಪ್ಪ. ಕಪ್ ಹೋಯಿತು, ಹಕ್ಕಿ ಹೋಯಿತು, ಈಗ ಹೆತ್ತ ತಾಯಿಯೂ ಬೆಳಗಿನ ಹೊತ್ತು ಅವರ ಪಾಲು. ಹಕ್ಕಿ ವಾಪಸು ಕೊಡಿ ಎಂದರೆ, "ನಂದೇನೂ ಅಭ್ಯಂತರ ಇಲ್ಲ ರೀ, ಸಾಹೇಬ್ರು ಸಹಿ ಹಾಕಿದ್ರೆ ಇವತ್ತೇ ತಗೊಂಡೋಗಿ" ಎನ್ನುತ್ತಾರೆ. ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಅರ್ಜಿ ಕೊಟ್ಟರು. 'ಸದರಿ ಪಕ್ಷಿಗೂ ಅರ್ಜಿದಾರರಿಗೂ ಇರುವ ಸಂಬಂಧ' ಎಂಬ ಕಡೆ 'ನಮ್ಮ ಮನೆಯಲ್ಲಿ ಹುಟ್ಟಿದ್ದು' ಎಂದು ಬರೆದೆ. ಅವರು ನಕ್ಕು, ಅರ್ಜಿ ಮಾಲೀಕರಿಂದ ಬರಬೇಕು ಎಂದರು. ಅದಕ್ಕಾಗಿ ಶ್ರೀನಾಥ್ ಮುಂದೆ ಎರಡನೇ ಸಲ ಕೈಚಾಚಲು ನನ್ನ ಹೊಟ್ಟೆಕಿಚ್ಚು ಬಿಡಲಿಲ್ಲ. ಪರಭಾರೆ ಎಂಬ ಮಾತನ್ನು ನಮ್ಮ ವಂಶ ಹೊಲದ ಕಾಗದಗಳಲ್ಲಿ ಸಾಕಷ್ಟು ಓದಿದೆ ಮಾನ್ಯರೇ. ಮೂವತ್ತು ಗ್ರಾಂ ಹಕ್ಕಿಗೂ ಅದು ಅನ್ವಯವಾಗುತ್ತದೆ ಎಂದು ತಮ್ಮಿಂದ ತಿಳಿಯಿತು.

ಹೋದ ಮಂಗಳವಾರ ನಾನು ಅಮ್ಮನಿಗೆ ತಿಳಿಯದಂತೆ ಹಿಂದೆ ಹೋದೆ. ರಸ್ತೆಯ ಮಧ್ಯದವರೆಗೆ ಹೋದಳು. ಕೆ.ಆರ್. ಪುರದ ಕಡೆಯಿಂದ ಜಲ್ಲಿ ಲಾರಿ ಬಂತು. ಅಮ್ಮ ಓಡಲಿಲ್ಲ. ನಿಂತು, ಕೈಯೆತ್ತಿ, ಲಾರಿಗೆ "ಹೋ... ಹೋಹೋಯ್" ಎಂದು ಕೂಗಿದಳು. ಲಾರಿ ಒಂದು ಮಾರು ದೂರದಲ್ಲಿ ನಿಂತಿತು. ಡ್ರೈವರ್ ತಮಿಳಿನಲ್ಲಿ ಬಾಯಿಗೆ ಬಂದಂತೆ ಬಯ್ದ. ಅವಳು ಸೆರಗಿನ ಗಂಟು ಭದ್ರವಿದೆಯೇ ಎಂದು ನೋಡಿಕೊಂಡು ಮುಂದೆ ನಡೆದಳು. ಅವಳು ಆ ಬದಿ ಮುಟ್ಟುವವರೆಗೆ ನೋಡಿ, ನಾನು ನೇರ ಅಂಗಡಿಗೆ ಹೋಗಿ ಈ ಪತ್ರ ಬರೆಯಲು ಕಾಗದ ಕೊಂಡೆ.

ಈಗ ಆ ಮಾತು. ಹಕ್ಕಿಯನ್ನು ಏಕೆ ಕೊಟ್ಟೆ? 'ಅವರ ಹತ್ತಿರ ಹೆಣ್ಣಿದೆ, ಜೋಡಿ ಮಾಡಿ ತರುತ್ತೇನೆ' ಎಂದು ಅಮ್ಮನಿಗೆ ಹೇಳಿದ್ದೆ. ಸುಳ್ಳು. ಹದಿನಾಲ್ಕು ವರ್ಷ ಹಕ್ಕಿ ಸಾಕಿದ ನನ್ನ ಬೆರಳಿಗೆ ಕಳ್ಳ ಒಂದು ದಿನವೂ ಬಂದು ಕೂರಲಿಲ್ಲ. ಅಮ್ಮನ ಬೆರಳಿಗೆ ಮಾತ್ರ. ಇದು ಒಂದು ಉರಿ. ಇನ್ನೊಂದು, ನಾನು ಶಿಫ್ಟು ಮುಗಿಸಿ ಬಂದರೆ ಅಮ್ಮ ಮೊದಲಿನ ಹಾಗೆ ಎದ್ದು ಬಂದು ಮುದ್ದೆ ಹಾಕುತ್ತಿರಲಿಲ್ಲ. "ಕಳ್ಳ ಮಲಗವ್ನೆ, ಮೆಲ್ಲಗೆ ನಡಿ, ಪಾತ್ರೆ ಸದ್ದು ಮಾಡ್ಬ್ಯಾಡ" ಎನ್ನುತ್ತಿದ್ದಳು. ಐವತ್ತೊಂದು ವರ್ಷದ ಗಂಡಸು, ಒಂದು ಲವ್ ಬರ್ಡ್ಸ್ ಮೇಲೆ ಹೊಟ್ಟೆಕಿಚ್ಚುಪಟ್ಟು ಅದನ್ನು ಮನೆಯಿಂದ ಆಚೆ ಹಾಕಿದೆ. ಆ ತಾಯಿಹಕ್ಕಿ ಮರಿಯನ್ನು ಮಡಿಕೆಯಿಂದ ತಳ್ಳಿದ್ದಕ್ಕೆ ನಾನು ಅದನ್ನು ಪಾಪಿ ಎಂದು ಬಯ್ದಿದ್ದೆ. ಮಾಡಿದ್ದುಣ್ಣೋ ಮಹರಾಯ. ಅಮ್ಮ ಇವತ್ತಿಗೂ ನನ್ನನ್ನು ಒಂದು ಮಾತು ಅಂದಿಲ್ಲ. "ಜೋಡಿ ಆಯ್ತೇನ್ಲಾ?" ಎಂದು ಮಾತ್ರ ಕೇಳುತ್ತಾಳೆ, ವಾರಕ್ಕೊಂದು ಸಲ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಕಪ್ ಶ್ರೀನಾಥ್ ಅವರ ಷೋಕೇಸಿನಲ್ಲೇ ಇರಲಿ, ಹೊಟ್ಟೆ ಉರಿದರೂ ಹೇಳುತ್ತಿದ್ದೇನೆ. ನನ್ನ ಜೋಡಿ ಅನರ್ಹವಾಗಿಯೇ ಇರಲಿ. ಮುಂದಿನ ವರ್ಷ ಬಜರಿಗರ್ ಎಂದೇ ಬರೆಯುತ್ತೇನೆ, ಬೇಕಾದರೆ ಇನ್ನೂರು ಸಲ ಬರೆದು ತೋರಿಸುತ್ತೇನೆ. ತಾವು ಮಾತ್ರ ಆ ಪರಭಾರೆ ಕಾಗದಕ್ಕೆ ಒಪ್ಪಿಗೆಯ ಸಹಿ ಹಾಕಿ. ಮಾಲೀಕರ ಹೆಸರಿನ ಕಡೆ ನನ್ನ ಹೆಸರು ಬರೆಯಬೇಡಿ, ನನ್ನ ಬೆರಳಿಗೆ ಅದು ಬರುವುದಿಲ್ಲ. ದೊಡ್ಡಮುನಿಯಮ್ಮ ಎಂದು ಬರೆಯಿರಿ. ಮತ್ತು ಬೇಗ ಬರೆಯಿರಿ. ತಾವು ಈ ಪತ್ರವನ್ನು ಕಡತದಲ್ಲಿಟ್ಟು, ಮುಂದಿನ ವಾರ ನೋಡೋಣ ಎನ್ನುವಷ್ಟರಲ್ಲಿ ಅವಳು ಆ ರಸ್ತೆಯನ್ನು ಹದಿನಾಲ್ಕು ಸಲ ದಾಟಿರುತ್ತಾಳೆ. ಅವಳ ಕೂಗಿಗೆ ಎಲ್ಲ ಲಾರಿಯೂ ನಿಲ್ಲುವುದಿಲ್ಲ.

ಇಂತಿ, ಚಮಚ ಬಗ್ಗಿಸಿಕೊಟ್ಟವನು,
ಮುನಿಆಂಜನಪ್ಪ, ಬೈಯಪ್ಪನಹಳ್ಳಿ
(ದೊಡ್ಡಮುನಿಯಮ್ಮನಿಗೆ ಒಬ್ಬನೇ ಮಗ, ಆದರೂ ಎರಡನೇ ಬಹುಮಾನ)