ತೋಳಿಗೆ ಪಟ್ಟಿ ಕಟ್ಟಿದಾಗ

ನ್ಯಾಮತಿ
೧೪-೩-೧೯೮೪

ಚಿ. ಸೌ. ಶಾಂತಾಳಿಗೆ ಅಕ್ಕನ ಆಶೀರ್ವಾದಗಳು.

ಎಲ್ಲರೂ ಕ್ಷೇಮ ಎಂದು ಬರೆದು ಮುಂದಿನ ಸಾಲಿಗೆ ಹೋಗುವವಳು ನಾನು. ಈ ಸಲ ಹಾಗೆ ಬರೆಯುವುದಿಲ್ಲ. ಹಾಗಂತ ಗಾಬರಿಯಾಗಬೇಡ. ನಿನ್ನ ಭಾವ ಜವಳಿ ಅಂಗಡಿಯಲ್ಲಿ ಕೂತು ಗಿರಾಕಿಗಳ ಮೇಲೆ ಎಂದಿನಂತೆ ಕೂಗಾಡುತ್ತಲೇ ಇದ್ದಾರೆ. ಆ ಕೂಗಾಟದ ವಿಷಯಕ್ಕೇ ಬರೆಯುತ್ತಿದ್ದೇನೆ.

ಶಿವರಾತ್ರಿಯ ಮಾರನೆಯ ದಿನ ತೀರ್ಥರಾಮೇಶ್ವರಕ್ಕೆ ಹೋಗಿದ್ದೆವು. ಏರು ಹತ್ತುವಾಗ ಇವರು ಮೂರು ಕಡೆ ಕುಳಿತರು. ಯಾಕೆ ಎಂದು ಕೇಳಿದರೆ ಚಪ್ಪಲಿ ಕಚ್ಚುತ್ತಿದೆ ಅಂದರು. ಬರಿಗಾಲಲ್ಲಿದ್ದರು ಕಣೇ! ಕೊನೆಯ ವರ್ಷ ಮಾವನವರೂ ಅಂಗಡಿಯ ನಾಲ್ಕು ಮೆಟ್ಟಿಲು ಹತ್ತಿ ಹೀಗೇ ಕೂರುತ್ತಿದ್ದರು. ಇವರನ್ನು ಹೊನ್ನಾಳಿಗೆ ಕರೆದೊಯ್ದು ಗೌಸ್‌ಪೀರ್ ಡಾಕ್ಟರಿಗೆ ಎದೆ ತೋರಿಸಿಯೇ ತೀರುತ್ತೇನೆ ಎಂದು ಅಲ್ಲೇ ನಿಶ್ಚಯಿಸಿದೆ. ನಿನ್ನ ಟೈಫಾಯ್ಡ್ ಬಿಡಿಸಿದ ಡಾಕ್ಟರು, ನಿನಗೆ ಗೊತ್ತಲ್ಲ. ನಲವತ್ತೈದು ದಾಟಿದವರು ನೋವು ಇರಲಿ ಬಿಡಲಿ ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು ಎಂದು ಅವರು ಹೇಳುತ್ತಲೇ ಬಂದಿದ್ದರು.

ಇವರದು ಒಂದೇ ಮಾತು: "ನೋವಿಲ್ದೆ ಡಾಕ್ಟ್ರ ಹತ್ರ ಹೋಗಾಕೆ ನಂಗೇನು ಹುಚ್ಚು ಹಿಡಿದೈತೇನು?" ನಾನು ಎಂಟು ದಿನ ಮಾತು ಬಿಟ್ಟೆ. ಅದಕ್ಕೂ ಬಗ್ಗಲಿಲ್ಲ. ಮೊನ್ನೆ ಸೋಮವಾರ ಅಂಗಡಿ ತೆರೆಯುವ ಹೊತ್ತಿಗೆ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟೆ. ಬೈಯುತ್ತಾ ಹಿಂದೆ ಬಂದರು. ಬಸ್ಸಿನಲ್ಲಿ ನಾಲ್ಕು ಜನರ ಎದುರಿಗೆ ಬೈಯಲಾರದೆ ಸುಮ್ಮನಾದರು.

ಅಲ್ಲಿ ಹೋದರೆ ಇನ್ನೊಂದು ಫಜೀತಿ. ಎದೆಗೆ ಕೊಳವೆ ಇಡಬೇಕಲ್ಲ, ಕೊರಳಲ್ಲಿದ್ದ ಲಿಂಗದ ಕರಡಿಗೆ ಅಡ್ಡ ಬಂತು. ಇವರಿಗೆ ಅದೇ ನೆಪ ಸಾಕಾಗಿತ್ತು, ಎದ್ದೇ ನಿಂತರು. ಡಾಕ್ಟರು ಸಾವಕಾಶವಾಗಿ, "ಕುಂದರ್ರಿ ಪಂಚಾಕ್ಷರಪ್ಪಾರೆ, ಲಿಂಗಾನ ನೀವೇ ಕೈಯಾಗೆ ಹಿಡ್ಕಳ್ರಿ, ನಾನು ಮುಟ್ಟಲ್ಲ" ಎಂದರು. ಇವರು ಎಡಗೈಯಲ್ಲಿ ಲಿಂಗ ಇಟ್ಟುಕೊಂಡು, ಮನೆಯಲ್ಲಿ ಪೂಜೆಗೆ ಕೂತಂತೆ ಕಣ್ಣು ಮುಚ್ಚಿ ಜಪಕ್ಕೇ ತೊಡಗಿಬಿಟ್ಟರು! ಪಾಪ, ಆ ಡಾಕ್ಟರು ಮಾತಾಡಿಸದೆ ಕಾದರು. ಮುಗಿದ ಕೂಡಲೇ ಬಲದೋಳಿಗೆ ಪಟ್ಟಿ ಕಟ್ಟಿ ಗಾಳಿ ಹೊಡೆದರು. ಬಿ.ಪಿ. ನೂರ ಮೂವತ್ತು. ಪರವಾಗಿಲ್ಲ ಎಂದರು. ಇವರು ನನ್ನ ಕಡೆ ನೋಡಿ ಮೀಸೆ ತಿರುವಿದರು.

ನಾನು ಬಿಡುತ್ತೇನೆಯೇ? "ಡಾಕ್ಟ್ರೇ, ಪೂಜೆ ಮುಗಿಸಿ ಏಳೋ ಹೊತ್ತಿನಾಗೆ ಮಾತ್ರ ಇವರು ಹಿಂಗಿರ್ತಾರೆ. ಉಳಿದ ಹೊತ್ತಿನಾಗೆ ನಮ್ಮನೇಲಿ ಇರೋರೇ ಬೇರೆ. ಅವರದ್ದೂ ಒಂದ್ಸಲ ನೋಡ್ರಿ" ಎಂದೆ. ಡಾಕ್ಟರು ನಗುತ್ತಾ ಮತ್ತೆ ಪಟ್ಟಿ ಕಟ್ಟಿದರು. ಆಗ ನಾನು, "ಈ ಯುಗಾದಿಗೆ ಬೆನಕಪ್ಪನ್ನ ಕರೆಸ್ತೀನಿ" ಎಂದುಬಿಟ್ಟೆ.

ಒಡಹುಟ್ಟಿದ ತಮ್ಮನೇ ಆದ ನಿನ್ನ ಗಂಡನ ಹೆಸರು ಕಿವಿಗೆ ಬಿದ್ದದ್ದೇ ತಡ, ಪಾದರಸ ನೂರ ತೊಂಬತ್ತಕ್ಕೆ ಹೋಯಿತು. ಡಾಕ್ಟರು ನನ್ನನ್ನು ಗದರಿಸಿದರು. ಸಿಟ್ಟಿನ ಬಿ.ಪಿ.ಯನ್ನು ನಂಬಬಾರದಂತೆ. ಅರ್ಧ ಗಂಟೆ ಕೂರಿಸಿ ಮತ್ತೆ ಎರಡು ಸಲ ನೋಡಿದರು. ಆಗಲೂ ನೂರ ಎಪ್ಪತ್ತಕ್ಕಿಂತ ಕೆಳಗೆ ಇಳಿಯಲಿಲ್ಲ. ಅವರ ನಗು ಹೋಯಿತು.

ತಂದೆ ಹೇಗೆ ತೀರಿಕೊಂಡರು ಎಂದು ಕೇಳಿದರು. "ನಾನು ದಾವಣಗೆರೆಗೆ ಮಾಲು ತರಾಕೆ ಹೋಗಿದ್ದೆ. ಅಪ್ಪಗೆ ಎದೆನೋವು ಬಂದ್ರೆ ನನ್ ತಮ್ಮ ಗ್ಯಾಸು ಅಂತ ಓಮಿನ ಕಷಾಯ ಕುಡಿಸಿ ಮಲಗಿಸ್ದ. ನಿಮ್ಮನ್ನ ಕರೀಲಿಲ್ಲ" ಎಂದರು ಇವರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ. ಅಪ್ಪನನ್ನು ಡಾಕ್ಟರಿಗೆ ತೋರಿಸಲಿಲ್ಲವೆಂದು ತಮ್ಮನನ್ನು ಆರು ವರ್ಷ ದೂರ ಇಟ್ಟ ಮನುಷ್ಯ, ತಾನು ತೋರಿಸಿಕೊಳ್ಳಲು ಇಷ್ಟು ಆಟ ಆಡಿಸಿದರಲ್ಲ ಎಂದು ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಡಾಕ್ಟರು ಒಂದೇ ಮಾತು ಹೇಳಿದರು: "ಆ ತಮ್ಮನ್ನೂ ಕರ್ಕೊಂಬರ್ರಿ. ಅಪ್ಪನ ಎದೆ ಇಬ್ಬರಿಗೂ ಬಂದಿರ್ತೈತೆ." ಇವರು ಅಂಗಿಯ ಗುಂಡಿ ಹಾಕಿಕೊಂಡು, ಮತ್ತೆ ಯಾವತ್ತು ಬರಬೇಕು ಎಂದು ಕೇಳಿದರು.

ಈಗ ದಿನಕ್ಕೊಂದು ಮಾತ್ರೆ. ಉಪ್ಪಿನಕಾಯಿ ಜಾಡಿ ಅಟ್ಟಕ್ಕೆ ಹೋಗಿದೆ. ಇಪ್ಪತ್ತಾರನೇ ತಾರೀಖು ಸೋಮವಾರ ಮತ್ತೆ ಹೋಗಬೇಕು. ಅಂದು ನೀನು ಬೆನಕಪ್ಪನನ್ನು ಕರೆದುಕೊಂಡು ಜಗಳೂರಿನಿಂದ ಬೆಳಗಿನ ಬಸ್ಸಿಗೆ ಹೊರಟು ಹೊನ್ನಾಳಿಗೆ ಬಾ. ಅವನು ನೋವಿಲ್ಲ ಅನ್ನುತ್ತಾನೆ, ರಜಾ ಇಲ್ಲ ಅನ್ನುತ್ತಾನೆ, ಅಣ್ಣ ಮುಖ ನೋಡುವುದಿಲ್ಲ ಅನ್ನುತ್ತಾನೆ. ಯಾವುದನ್ನೂ ಕಿವಿಗೆ ಹಾಕಿಕೊಳ್ಳಬೇಡ. ಅಕ್ಕತಂಗಿಯರು ಒಂದೇ ಮನೆಗೆ ಸೊಸೆಯರಾಗಿ ಬಂದು ಒಬ್ಬರ ಮುಖ ಒಬ್ಬರು ನೋಡದೆ ಆರು ವರ್ಷವಾಯಿತು. ನನಗೆ ಸಾಕಾಗಿದೆ.

ಮಕ್ಕಳಿಗೆ ನನ್ನ ಮುದ್ದು.

ನಿನ್ನ ಅಕ್ಕ,
ರುದ್ರಾಣಿ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಇನ್‌ಲ್ಯಾಂಡ್ ಪತ್ರದ ಮಡಿಕೆಯಲ್ಲಿ ಇಷ್ಟೇ ಜಾಗ ಉಳಿದಿದೆ. ಮಾವನವರು ಹೋದ ದಿನ ನೀನು ಸಾಸ್ವೆಹಳ್ಳಿಯಲ್ಲಿ ಅಮ್ಮನ ಹತ್ತಿರ ಬಾಣಂತಿಯಾಗಿದ್ದೆ. ಬೆನಕಪ್ಪ ಅಂಗಡಿಯಲ್ಲಿದ್ದ. ಎದೆ ಹಿಂಡುತ್ತಿದೆ ಎಂದು ಮಾವನವರು ಹೇಳಿದ್ದು ನನಗೆ. ಗ್ಯಾಸು ಎಂದು ಕಷಾಯ ಕುಡಿಸಿ ಮಲಗಿಸಿದವಳು ನಾನು. ಸಂಜೆ ಇವರು ಬಂದು ಯಾರು ಕೊಟ್ಟದ್ದೆಂದು ಕೂಗಾಡಿದಾಗ ಬೆನಕಪ್ಪ ಒಮ್ಮೆ ನನ್ನ ಮುಖ ನೋಡಿ, ನಾನೇ ಎಂದ. ನಾನು ಬಾಯಿ ಬಿಡಲಿಲ್ಲ. ನಿನಗೂ ಅವನು ಹೇಳಿರಲಾರ. ಸೋಮವಾರ ಇವರು ಮಾತ್ರೆ ತರಲು ಹೊರಗೆ ಹೋದಾಗ ಡಾಕ್ಟರಿಗೆ ಎಲ್ಲ ಹೇಳಿದೆ. ಮಾತ್ರೆ ಹಿಡಿಯಲಿ, ಆಮೇಲೆ ಇಲ್ಲಿ ಆಸ್ಪತ್ರೆಯಲ್ಲೇ ಹೇಳಿ ಎಂದಿದ್ದಾರೆ. ಇಪ್ಪತ್ತಾರಕ್ಕೆ ಇವರ ತೋಳಿಗೆ ಪಟ್ಟಿ ಕಟ್ಟಿರುವಾಗಲೇ ಹೇಳುತ್ತೇನೆ. ಪಾದರಸ ಏರಿದರೆ ಏರಲಿ. ಇನ್ನು ಮೇಲೆ ಅದು ನನ್ನ ಹೆಸರಿಗೆ ಏರಲಿ, ನಿನ್ನ ಗಂಡನ ಹೆಸರಿಗಲ್ಲ.