ಮೊಸರನ್ನ ತಿಂದ ಮೀನು

ಅಜ್ಜಿ,

ಈ ಚೀಟಿ ನಿನ್ನ ಕೈಗೆ ಸಿಕ್ಕಿದೆ ಎಂದರೆ ಮೀನಿನ ಕಾಳಿನ ಡಬ್ಬಿಗೆ ಮತ್ತೆ ಕೈ ಹಾಕಿದ್ದೀಯ. ಅದಕ್ಕೇ ಡಬ್ಬಿಯೊಳಗೇ ಇಟ್ಟೆ.

ನಾನು ಪ್ರಾಕ್ಟಿಕಲ್ಸ್‌ಗೆ ಹಾಸನಕ್ಕೆ ಹೊರಟೆ, ನಾಳೆ ಸಂಜೆ ಬರುತ್ತೇನೆ. ಅಪ್ಪ ಅಮ್ಮ ಅರಕಲಗೂಡಿನ ಮದುವೆ ಮುಗಿಸಿ ಬರುವುದೂ ನಾಳೆಯೇ. ಇವತ್ತಿನ ಕಾಳು ನಾನೇ ಹಾಕಿದ್ದೇನೆ. ಮೀನಿಗೆ ದಿನಕ್ಕೆ ಒಂದೇ ಸಲ, ಒಂದು ಚಿಟಿಕೆ. ಅಂಗಡಿಯವನು ಹೇಳಿದ್ದನ್ನು ನೀನೂ ಕೇಳಿಸಿಕೊಂಡಿದ್ದೀಯ.

ನಿನ್ನೆ ಫಿಶ್ ಟ್ಯಾಂಕಿಗೆ ಮೊಸರನ್ನ ಹಾಕಿದ್ದು ಯಾರು? ನೀರು ಅಕ್ಕಿ ತೊಳೆದ ನೀರಿನ ಹಾಗಾಗಿತ್ತು, ಬೆಳಿಗ್ಗೆ ಅರ್ಧ ಬದಲಿಸಿದ್ದೇನೆ. ಕೇಳಿದರೆ, "ಬಾಯ್ ಬಾಯ್ ಬಿಡ್ತಿತ್ತು ಕಣೇ, ಹಸ್ಕೊಂಡಿರೋದರ ಮುಂದೆ ನಾವು ಹೇಗೆ ತಿನ್ನೋದು" ಅಂತೀಯ. ಅದು ಹಸಿವಲ್ಲ. ನೀನು ಹಾಕಿದ್ದೆಲ್ಲ ನೀರಿನಲ್ಲಿ ಕೊಳೆತು, ಅವಕ್ಕೆ ಉಸಿರು ಕಟ್ಟಿ ಬಾಯಿ ಬಿಡುತ್ತವೆ. ಅದನ್ನು ನೋಡಿ ನೀನು ಇನ್ನಷ್ಟು ಹಾಕುತ್ತೀಯ. ಕಪ್ಪು ಮೀನು ಸತ್ತಿದ್ದೂ ಹೀಗೇ. ಎದುರು ಮನೆ ಲಲಿತಮ್ಮನ ದೃಷ್ಟಿ ತಾಗಿತು ಎಂದು ಬೀದಿಗೆಲ್ಲ ಹೇಳಿ ಬಂದೆಯಲ್ಲ, ಅವರಿಗೆ ನಾನು ಹೇಗೆ ಮುಖ ತೋರಿಸಲಿ?

ದಿನಕ್ಕೆ ಒಂದೇ ಊಟ ಎಂದರೆ ಪಾಪ ಅಂತೀಯ. ತಾತ ಹೋದಾಗಿನಿಂದ ನೀನು ಮಾಡುತ್ತಿರುವುದೇನು? ಒಪ್ಪತ್ತು ಇರಬೇಕಾದ ಮೀನಿಗೆ ಮೂರು ಹೊತ್ತು ಊಟ. ಮಾತ್ರೆ ನುಂಗುವ ನಿನಗೆ ರಾತ್ರಿ ಬರೀ ಒಂದು ಲೋಟ ಹಾಲು.

ಇನ್ನು ಮೇಲೆ ಒಪ್ಪತ್ತು ಮೀನಿಗೆ. ತಿಳಿಸಾರು ಮಾಡಿಟ್ಟಿದ್ದೇನೆ, ಅನ್ನ ಬಿಸಿಬಿಸಿಯಾಗಿ ನೀನೇ ಇಟ್ಟುಕೋ. ರಾತ್ರಿ ಆ ಟ್ಯಾಂಕಿನ ಮುಂದೆಯೇ ಕೂತು ಹೊಟ್ಟೆ ತುಂಬ ಊಟ ಮಾಡು. ಅವು ಬಾಯಿ ಬಿಟ್ಟುಕೊಂಡು ನೋಡಲಿ.

ಇಂಚರ