ಲಾಭದಿಂದ ಹತ್ತರವರೆಗೆ

ಚಿತ್ರದುರ್ಗ
ಮಂಗಳವಾರ, ೧೫-೧೧-೧೯೭೭

ಬಸಕ್ಕನವರ ಪಾದಕ್ಕೆ ಅನ್ನಪೂರ್ಣಳ ನಮಸ್ಕಾರ.

ಈಗ ಬೆಳಗಿನ ಜಾವ ಮೂರೂಮುಕ್ಕಾಲು. ವೇಣಿ ನಿದ್ದೆಗಣ್ಣಲ್ಲಿ ಎಣಿಸುತ್ತಿದ್ದಳು, ಆ ದನಿಗೆ ಎದ್ದು ಕೂತೆ. ನಾಲ್ಕರವರೆಗೆ ಎಣಿಸುತ್ತಾಳೆ, ಅಲ್ಲಿಗೆ ನಿಲ್ಲಿಸಿ ಬಿಕ್ಕುತ್ತಾಳೆ. ಮೂರು ರಾತ್ರಿಯಿಂದ ಇದೇ ಆಗಿದೆ. ಶನಿವಾರದಿಂದ ಜ್ವರ. ಗಾಬರಿಯಾಗುವಂಥದ್ದಲ್ಲ, ಆದರೆ ಮಗುವನ್ನು ಬಸ್ಸಿಗೆ ಹತ್ತಿಸಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಎರಡು ಗುಟುಕು ಹಾಲು ಬಿಟ್ಟರೆ ಏನೂ ಒಳಗೆ ಹೋಗಿಲ್ಲ. ಇವರಿಗೆ ಹಿರಿಯೂರಿನಲ್ಲಿ ಕ್ಯಾಂಪು, ಗುರುವಾರ ಬರುತ್ತಾರೆ.

ಆರು ಗಂಟೆಯ ಹೊಳಲ್ಕೆರೆ ಬಸ್ಸಿನ ಕಂಡಕ್ಟರ್ ಜಂಪಣ್ಣನ ಕೈಯಲ್ಲಿ ಈ ಕಾಗದ ಕಳಿಸುತ್ತೇನೆ. ಅಂಗಡಿಯಲ್ಲಿ ಭಾವನವರಿಗೆ ಕೊಡಬೇಡಪ್ಪ, ಹಿತ್ತಲ ಕಡೆಯಿಂದ ಹೋಗಿ ಅಕ್ಕನ ಕೈಗೇ ಕೊಡು ಅಂತ ಹೇಳುತ್ತೇನೆ. ಓದಿದ ಮೇಲೆ ಭಾವನವರಿಗೆ ತೋರಿಸುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಅಕ್ಕ, ನಿಮ್ಮ ಹಾಡನ್ನು ನಾನು ಕದ್ದೆ. ಬೇರೆ ಮಾತು ಹುಡುಕಿ ನೋಡಿದೆ, ಯಾವುದೂ ಸರಿಯಾಗಲಿಲ್ಲ.

ಹೋದ ವರ್ಷ ನನಗೆ ಕಾಮಾಲೆಯಾದಾಗ ವೇಣಿಯನ್ನು ನಾಲ್ಕು ತಿಂಗಳು ನೀವೇ ಇಟ್ಟುಕೊಂಡಿರಿ. ಹೋಗುವಾಗ ನನ್ನ ಸೆರಗು ಬಿಡದವಳು, ವಾಪಸು ಬರುವಾಗ ನಿಮ್ಮ ಸೆರಗು ಬಿಡಲಿಲ್ಲ. ಗಿರಣಿಗೆ ರಾಗಿ ಅಳೆಯುವಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೇರಿಗೊಂದು ಸಾಲು ಕಟ್ಟಿ ಗೌರಿ ಹುಣ್ಣಿಮೆಯ ಸಕ್ಕರೆ ಗೊಂಬೆಗಳನ್ನೆಲ್ಲ ಎಣಿಸಲು ಕಲಿಸಿದ್ದಿರಲ್ಲ, ಇಲ್ಲಿಗೆ ಬಂದ ಮೇಲೆ ಅದನ್ನು ಹೇಳದೆ ತುತ್ತು ಬಾಯಿಗೆ ಇಡಿಸಿಕೊಳ್ಳುತ್ತಿರಲಿಲ್ಲ.

ಲಾಭ ಲಾಭ, ಗೌರಿಯ ತಟ್ಟೆ,
ಎರಡು ಆನೆಗೆ ಸಕ್ಕರೆ ಹೊಟ್ಟೆ,
ಮೂರು ಗಿಣಿಯ ಮೂತಿಗೆ ಸಕ್ಕರೆ,
ನಾಲ್ಕು ನವಿಲು ನೋಡಿ ನಕ್ಕರೆ
ಐದು ಒಂಟೆಗೆ ಅಳು ಯಾತಕ್ಕೆ?

ಹತ್ತರವರೆಗೂ ಹೀಗೇ. ನಿಮಗೆ ನಾನೇನು ಬರೆದು ತೋರಿಸುವುದು.

ದಸರೆಯಲ್ಲಿ ಪ್ರೆಸ್ಸಿನ ಶಿವಕುಮಾರಪ್ಪನವರ ಮನೆಯವರು ಅರಿಶಿನ ಕುಂಕುಮಕ್ಕೆ ಬಂದಿದ್ದರು. ನಾನು ಇದನ್ನು ಹೇಳುತ್ತ ವೇಣಿಗೆ ಉಣ್ಣಿಸುತ್ತಿದ್ದೆ. ಮಾರನೆಯ ದಿನ ಅವರ ಯಜಮಾನರೇ ಬಂದರು. ಭಾಳ ಚಂದೈತಮ್ಮ, ಹುಣ್ಣಿಮೆಗೆ ಮಕ್ಕಳ ಕೈಗೆ ಒಂದು ಬಣ್ಣದ ಪುಸ್ತಕ ಕೊಡಾಣ ಅಂತ ಐದಾರು ವರ್ಷದಿಂದ ಆಸೆ ಐತೆ, ಇದು ನೀವೇ ಕಟ್ಟಿದ್ದಾ ಅಂತ ಕೇಳಿದರು. ಇಲ್ಲ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಬಿ.ಎ. ಮಾಡಿ ಆರು ವರ್ಷವಾಯಿತಕ್ಕ. ಈ ಆರು ವರ್ಷದಲ್ಲಿ ಇದು ನೀವು ಮಾಡಿದ್ದಾ ಅಂತ ಯಾರಾದರೂ ನನ್ನನ್ನು ಕೇಳಿದ್ದರೆ ಅದು ಉಪ್ಪಿಟ್ಟಿನ ವಿಷಯ. ತಲೆ ಆಡಿಸಿಬಿಟ್ಟೆ. ಬಾಯಿಬಿಟ್ಟು ಹೌದು ಅನ್ನಲಿಲ್ಲವಲ್ಲ ಅಂತ ಅವತ್ತು ರಾತ್ರಿ ಸಮಾಧಾನವನ್ನೂ ಮಾಡಿಕೊಂಡೆ.

ಬರೆದುಕೊಡುವಾಗ ನಾನು ಮಾಡಿದ ಕೆಲಸ ಒಂದೇ. ಮೊದಲ ಸಾಲಿನ ಲಾಭ ತೆಗೆದು, ಒಂದೇ ಒಂದು ಗೌರಿಯ ತಟ್ಟೆ ಅಂತ ಮಾಡಿದೆ. ಕಾಳು ಅಳೆಯುವವರು ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ, ಸರಿ, ಆದರೆ ಪುಸ್ತಕದಲ್ಲಿ ಚೆನ್ನಾಗಿರುವುದಿಲ್ಲ ಅಂದುಕೊಂಡೆ. ಡ್ರಾಯಿಂಗ್ ಮೇಷ್ಟ್ರು ಗೋವಿಂದಯ್ಯ ಚಿತ್ರ ಬರೆದರು. ಅವರ ಒಂಟೆಗಳ ಕಣ್ಣೀರು ನೋಡಿದರೆ ನೀವು ನಗುತ್ತಿದ್ದಿರಿ.

ಶುಕ್ರವಾರ ಕರಡು ನೋಡಲು ಕರೆದಿದ್ದರು. ವೇಣಿಯನ್ನೂ ಕರೆದುಕೊಂಡು ಹೋದೆ. ಶಿವಕುಮಾರಪ್ಪನವರು ಅವಳನ್ನು ಮೇಜಿನ ಮೇಲೆ ಕೂರಿಸಿ, ಪೆಪ್ಪರ್‌ಮೆಂಟು ಕೊಟ್ಟು, ಏನವ್ವ, ನಿಮ್ಮಮ್ಮನ ಹಾಡು ಹೇಳು ನೋಡಾಣ ಅಂದರು. ಇವಳು ಲಾಭ ಲಾಭ ಅಂತ ಶುರು ಮಾಡಿದಳು. ಅವರಿಗೆ ನಗು. ಅವರ ತಂದೆಯದು ಭರಮಸಾಗರದಲ್ಲಿ ಕಾಳಿನ ವ್ಯಾಪಾರವಂತೆ. ಎಲಾ ಇವಳ, ಇದು ನಮ್ಮ ಅಳೆಯೋರ ಲೆಕ್ಕ ಅಲ್ಲೇನಮ್ಮ, ಕಾಲೇಜು ಓದಿದೋರ ಬಾಯಿಗೆ ಎಲ್ಲಿಂದ ಬಂತು ಅಂದರು. ನಾನು ಬಾಯಿ ತೆಗೆಯುವುದರೊಳಗೆ ವೇಣಿ, ಅಮ್ಮಂದಲ್ಲ, ದೊಡ್ಡವ್ವಂದು, ಅಮ್ಮಂಗೆ ಆರರ ಮೇಲೆ ಬರಲ್ಲ, ನಾನೇ ಹೇಳಿಕೊಟ್ಟೆ ಅಂದಳು.

ಅಚ್ಚಿನ ಮೊಳೆ ಜೋಡಿಸುತ್ತಿದ್ದ ಮುರುಗಪ್ಪ ಕೈ ನಿಲ್ಲಿಸಿ ನನ್ನನ್ನು ನೋಡಿದ. ನಾನು ನಗುತ್ತಲೇ, ಸೆರಗಿನ ಮರೆಯಲ್ಲಿ ವೇಣಿಯ ತೊಡೆ ಚಿವುಟಿದೆ. ಸುಮ್ಮನೆ ಚಿವುಟಿದ್ದಲ್ಲ ಅಕ್ಕ. ಸ್ನಾನ ಮಾಡಿಸುವಾಗ ನೋಡಿದರೆ ನೀಲಿಯಾಗಿತ್ತು. ಅವಳು ಅಳಲಿಲ್ಲ, ಪೆಪ್ಪರ್‌ಮೆಂಟನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟಳು. ಆ ದೊಡ್ಡವ್ವ ಯಾರು, ಒಂದು ಮಾತು ಅವರನ್ನೂ ಕೇಳಾಣ ಅಂದರು ಯಜಮಾನರು. ಏನೋ ಒಂದು ಹೇಳಿ ಆ ಮಾತನ್ನು ಅಲ್ಲಿಗೆ ಮುಗಿಸಿ ಬಂದೆ.

ಮಾರನೆಯ ದಿನವೇ ಜ್ವರ. ಎಚ್ಚರವಿದ್ದಾಗ ಒಂದು ಸಾಲೂ ಹೇಳುವುದಿಲ್ಲ. ನಾನು ಶುರು ಮಾಡಿದರೆ ಗೋಡೆಯ ಕಡೆ ತಿರುಗುತ್ತಾಳೆ. ಮುಸುರೆ ತಿಕ್ಕಲು ಬಂದ ಬೋರಕ್ಕನನ್ನು ವೇಣಿ ಕೇಳಿದಳಂತೆ, ಹೊಳಲ್ಕೆರೆಯಲ್ಲಿ ಈಗ ರಾಗಿ ಯಾರು ಅಳೀತಾರೆ ಅಂತ. ನಿನ್ನ ದೊಡ್ಡವ್ವನೇ ಅಳೀತಾಳೆ ಕಣವ್ವ ಅಂದರೆ ತಲೆ ಆಡಿಸಿದಳಂತೆ, ಇಲ್ಲ ಅಂತ.

ಪುಸ್ತಕ ನಾಳೆ ಬುಧವಾರ ಬೆಳಿಗ್ಗೆ ಮಷೀನಿಗೆ ಹೋಗುತ್ತದೆ. ಇವತ್ತು ಹತ್ತು ಗಂಟೆಗೆ ವೇಣಿಯನ್ನು ಬೋರಕ್ಕನ ಹತ್ತಿರ ಬಿಟ್ಟು ಪ್ರೆಸ್ಸಿಗೆ ಹೋಗುತ್ತೇನೆ. ನನ್ನ ಹೆಸರು ತೆಗೆಸಿ ನಿಮ್ಮದು ಹಾಕಿಸುತ್ತೇನೆ, ಲಾಭವನ್ನೂ ಅದರ ಜಾಗದಲ್ಲೇ ಇಡಿಸುತ್ತೇನೆ. ನಿಮಗೆ ಪುಸ್ತಕವೇ ಬೇಡ ಅನ್ನಿಸಿದರೆ ಅದನ್ನೂ ಹೇಳಿ, ನಿಲ್ಲಿಸುತ್ತೇನೆ. ಇದು ಕ್ಷಮೆ ಕೇಳುವುದಕ್ಕೆ ಮೊದಲು ಮಾಡಬೇಕಾದ ಕೆಲಸ, ನಿಮ್ಮನ್ನು ಕೇಳಿ ಮಾಡುವಂಥದ್ದಲ್ಲ.

ನಿಮ್ಮನ್ನು ಕೇಳುವುದು ಬೇರೆ. ನೀವು ಒಂದು ಸಲ ಫೋನಿನಲ್ಲಿ ವೇಣಿಯ ಜೊತೆ ಮಾತಾಡಬೇಕು. ಪಕ್ಕದ ಮನೆಯ ವಕೀಲ ಚಿತ್ರಲಿಂಗಪ್ಪನವರಿಗೆ ಹೇಳಿಟ್ಟಿದ್ದೇನೆ, ನಂಬರು ೩೧೬. ನೀನೇ ಯಾಕೆ ಮಾಡಬಾರದು ಅನ್ನುತ್ತೀರಿ. ಭಾನುವಾರ ಒಂದು ಸಲ, ನಿನ್ನೆ ಒಂದು ಸಲ ಟ್ರಂಕ್ ಕಾಲ್ ಬುಕ್ ಮಾಡಿದೆ. ಅಂಗಡಿಯಲ್ಲಿ ಭಾವನವರು ಎತ್ತಿ, ಯಾರು, ಯಾರ್ರಿ ಅದು ಅಂದರು. ಎರಡು ಸಲವೂ ಅವರ ದನಿ ಕೇಳಿದ್ದೇ ಇಟ್ಟುಬಿಟ್ಟೆ.

ನಿಮ್ಮ ತಪ್ಪಿತಸ್ಥೆ ತಂಗಿ,
ಅನ್ನಪೂರ್ಣ

ತಾ.ಕ. ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಏನೋ ಒಂದು ಹೇಳಿ ಬಂದೆ ಅಂತ ಬರೆದೆನಲ್ಲ, ಅದನ್ನು ಮುಚ್ಚಿಟ್ಟು ಕಳಿಸಿದರೆ ಈ ಕಾಗದವೂ ಇನ್ನೊಂದು ಸುಳ್ಳಾಗುತ್ತದೆ. ಆ ದೊಡ್ಡವ್ವ ಯಾರು ಅಂತ ಕೇಳಿದ್ದಕ್ಕೆ, ಅವರು ಹೋಗಿಬಿಟ್ಟರು, ಹೋದ ತಿಂಗಳು ತೀರಿಕೊಂಡರು ಅಂದೆ. ಮಗುವಿನ ಎದುರಿಗೇ ಅಂದೆ. ಶಿವಕುಮಾರಪ್ಪನವರು ಒಳ್ಳೆಯವರು, ಚಪ್ಪಲಿ ಬಿಟ್ಟು ಎದ್ದು ನಿಂತು ಕೈ ಮುಗಿದರು. ನಿಮ್ಮ ಹೆಸರು ಕೇಳಿಕೊಂಡು, ಮೊದಲ ಪುಟಕ್ಕೆ ದಿವಂಗತ ಬಸಮ್ಮನವರ ನೆನಪಿಗೆ ಅಂತ ಮುರುಗಪ್ಪನ ಕೈಲಿ ಅಲ್ಲೇ ಮೊಳೆ ಜೋಡಿಸಿದರು. ಅದನ್ನು ನಾನೇ ನಿಂತು ಕೀಳಿಸುತ್ತೇನೆ. ಆದರೆ ವೇಣಿಯ ಮನಸ್ಸಿನಿಂದ ಕೀಳಿಸಲು ನನ್ನ ಕೈಲಿ ಆಗುತ್ತಿಲ್ಲ ಅಕ್ಕ. ಸುಳ್ಳು ಹೇಳಿದ್ದು ಕಂದ, ದೊಡ್ಡವ್ವ ಚೆನ್ನಾಗಿದ್ದಾಳೆ ಅಂದರೆ, ಅವತ್ತು ಹೇಳಿದ್ದು ಸುಳ್ಳಾ, ಇವತ್ತು ಹೇಳೋದು ಸುಳ್ಳಾ ಅಂತ ಕೇಳುತ್ತಾಳೆ. ನನ್ನನ್ನು ಬೈಯಬೇಕೆಂದರೆ ಆಮೇಲೆ ಬಂದು ಎದುರಿಗೆ ನಿಂತು ಬೈಯಿರಿ. ನೀವು ಈಗ ಅಂಗಡಿಗೆ ಹೋಗಿ ಕಾಲ್ ಬುಕ್ ಮಾಡಿ. ರಾತ್ರಿ ಎಷ್ಟು ಹೊತ್ತಾದರೂ ಸರಿ, ಅವಳನ್ನು ಎತ್ತಿಕೊಂಡು ವಕೀಲರ ಮನೆಯ ಜಗಲಿಯಲ್ಲೇ ಕೂತಿರುತ್ತೇನೆ. ವೇಣಿ ಅಂತ ಒಂದು ಸಲ ಕರೆಯಿರಿ ಸಾಕು. ನಾಳೆ ಬೆಳಗಾಗುವುದರೊಳಗೆ ಫೋನ್ ಮಾಡಿ ಅಕ್ಕ, ನಿಮ್ಮ ಕಾಲಿಗೆ ಬೀಳುತ್ತೇನೆ, ಫೋನ್ ಮಾಡಿ.